ಆಯುಧಪೂಜೆ, ಪ್ರಸಾದ, ಚಂದಾ: ಕ್ರೈಸ್ತನ ಸ್ವಾತಂತ್ರ್ಯಕ್ಕೆ ಗೆರೆ ಎಲ್ಲಿ?

ಪ್ರಶ್ನೆ: ಯುವಕೂಟ_ಸಂಚಾಲಕ

ದಸರಾಕ್ಕೆ ಮುಂಚೆ ನಮ್ಮ ಸಭೆಯ (ಚರ್ಚಿನ) ಯುವಕೂಟದಲ್ಲಿ ‘ಕ್ರೈಸ್ತ ಸ್ವಾತಂತ್ರ್ಯ’ದ ಬಗ್ಗೆ ಎರಡು ವಾರದ ಅಧ್ಯಯನ ಇಟ್ಟುಕೊಂಡಿದ್ದೇವೆ. ಬರುವವರಲ್ಲಿ ಹೆಚ್ಚಿನವರು ಪೀಣ್ಯ, ಬೊಮ್ಮಸಂದ್ರದ ಕಡೆ ಕಾರ್ಖಾನೆಗಳಲ್ಲಿ, ಗ್ಯಾರೇಜುಗಳಲ್ಲಿ ದುಡಿಯುವವರು. ಆಯುಧಪೂಜೆ ದಿನ ಏನು ಮಾಡಬೇಕು ಅನ್ನೋದೇ ಅವರ ದೊಡ್ಡ ಪ್ರಶ್ನೆ. ಕೂಟದಲ್ಲಿ ಈಗಾಗಲೇ ಎರಡು ಪಕ್ಷ ಆಗಿದೆ. ಒಂದು ಪಕ್ಷ “ವಿಗ್ರಹ ಏನೂ ಅಲ್ಲ, ಎಲ್ಲದಕ್ಕೂ ಸ್ವಾತಂತ್ರ್ಯ ಇದೆ” ಅನ್ನುತ್ತೆ. ಇನ್ನೊಂದು “ಆ ದಿನ ರಜೆ ಹಾಕಿ ಮನೆಯಲ್ಲಿರಿ” ಅನ್ನುತ್ತೆ. ತಮಾಷೆ ಅಂದ್ರೆ ಇಬ್ಬರೂ ಬೈಬಲಿನ ಹಲವು ಪತ್ರ ಬರೆದ ಪೌಲನನ್ನೇ ಎತ್ತಿ ತೋರಿಸುತ್ತಾರೆ.

ಕೇಳುತ್ತಿರುವುದು ಇಷ್ಟು: ಪೂಜೆ ಆದ ಮೇಲೆ ಹಂಚುವ ಪ್ರಸಾದ, ಕಡ್ಲೆಪುರಿ, ಸ್ವೀಟ್ ಬಾಕ್ಸ್ ತಗೋಬಹುದಾ? ಅವರವರ ಮೆಷಿನ್ನಿಗೆ ಅವರೇ ಕುಂಕುಮ ಇಟ್ಟು ಆರತಿ ಎತ್ತಬೇಕು ಅಂದಾಗ? ಪೂಜೆಯ ಚಂದಾ ಕೇಳಿದಾಗ? ಸುಮ್ಮನೆ ಜೊತೆಗೆ ನಿಂತರೆ ಆಯಿತಾ? “ಪ್ರಾರ್ಥನೆ ಮಾಡಿ ನಿರ್ಧರಿಸಿ” ಅನ್ನುವ ಉತ್ತರ ಬೇಡ, ಅದನ್ನು ಅವರು ಕೇಳಿ ಕೇಳಿ ಸಾಕಾಗಿದ್ದಾರೆ. ಯಾವ ವಚನದಿಂದ, ಯಾವ ತರ್ಕದಿಂದ ಯಾವ ತೀರ್ಮಾನಕ್ಕೆ ಬರುತ್ತೀರಿ ಅಂತ ಬಿಡಿಸಿ ಹೇಳುವವರು ಬರೆಯಿರಿ.

ಉತ್ತರ: ಪತ್ರಿಕೆ_ಪಾಠಿ

ಎರಡೂ ಪಕ್ಷದವರು ಅರ್ಧರ್ಧ ಓದಿದ್ದಾರೆ. ಗ್ರೀಸಿನ ಕೊರಿಂಥ ಊರಿನ ಸಭೆಗೆ ಪೌಲ ಬರೆದ ಮೊದಲ ಪತ್ರದ 8, 9, 10ನೇ ಅಧ್ಯಾಯಗಳು ಒಂದೇ ವಾದ: ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದಾ ಅನ್ನುವುದು. ಮೂರನ್ನೂ ಒಂದೇ ಸಲ ಗಟ್ಟಿಯಾಗಿ ಓದಿಸಿ, ಕಾಲು ಗಂಟೆಯೂ ಹಿಡಿಯುವುದಿಲ್ಲ. 8:4ಕ್ಕೆ (“ವಿಗ್ರಹ ಏನೂ ಅಲ್ಲ”) ನಿಂತವನಿಗೆ ಎಲ್ಲವೂ ಸರಿ ಅನಿಸುತ್ತದೆ, 10:21ರಿಂದ (ಎರಡು ಮೇಜಿನಲ್ಲಿ ಪಾಲು ಆಗದು) ಶುರು ಮಾಡಿದವನಿಗೆ ಎಲ್ಲವೂ ತಪ್ಪು ಅನಿಸುತ್ತದೆ.

ಹಿನ್ನೆಲೆ ಮೊದಲು ಹೇಳಿ. ಪತ್ರ ಬರೆದದ್ದು ಸುಮಾರು ಕ್ರಿ.ಶ. 54–55ರಲ್ಲಿ. ಆ ಊರಲ್ಲಿ ದೇವಸ್ಥಾನ ಅಂದರೆ ಪೂಜೆಯ ಜಾಗ ಮಾತ್ರವಲ್ಲ, ಊಟದ ಜಾಗವೂ ಹೌದು. ಕೊರಿಂಥದಲ್ಲಿ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ದೇವಸ್ಥಾನದ ಉತ್ಖನನದಲ್ಲಿ ಸಾಲಾಗಿ ಮೂರು ಊಟದ ಕೋಣೆ ಸಿಕ್ಕಿವೆ, ಒಂದೊಂದರಲ್ಲಿ 11 ಜನ ಒರಗಿ ಉಣ್ಣುವ ವ್ಯವಸ್ಥೆ. ಬಲಿಯ ಮಾಂಸದಲ್ಲಿ ಒಂದು ಪಾಲು ವೇದಿಕೆಗೆ, ಒಂದು ಪಾಲು ಪೂಜಾರಿಗೆ, ಉಳಿದದ್ದು ಊಟದ ಪಂಕ್ತಿಗೆ ಅಥವಾ ಮಾರುಕಟ್ಟೆಗೆ. ಹಾಗಾಗಿ ಮಾಂಸ ಕೊಳ್ಳಲು ಹೋದವನಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತಿರಲಿಲ್ಲ.

ಇದಕ್ಕೆ ಪೌಲ ಒಂದೇ ಉತ್ತರ ಕೊಡುವುದಿಲ್ಲ, ಜಾಗ ನೋಡಿ ಬೇರೆ ಬೇರೆ ಉತ್ತರ ಕೊಡುತ್ತಾನೆ. ದೇವಸ್ಥಾನದ ಪಂಕ್ತಿಯಲ್ಲಿ ಕೂತು ಉಣ್ಣುವುದು ಬೇಡ (8:10, 10:14–22). ಅಲ್ಲಿ ಊಟವೇ ಆರಾಧನೆಯ ಭಾಗ, ಕರ್ತನ ಮೇಜಿನಲ್ಲೂ (ಸಭೆಯ ಪ್ರಭುಭೋಜನ) ಇಲ್ಲೂ ಎರಡೂ ಕಡೆ ಪಾಲುದಾರನಾಗಲು ಆಗದು. ಮಾರುಕಟ್ಟೆಯಲ್ಲಿ ಮಾರುವುದನ್ನು ಯಾವ ವಿಚಾರಣೆಯೂ ಇಲ್ಲದೆ ಕೊಂಡು ತಿನ್ನಿ (10:25). ನಂಬದವರ ಮನೆಗೆ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ “ಇದು ಅರ್ಪಿಸಿದ್ದು” ಅಂತ ಹೇಳಿದರೆ ಬಿಡಿ, ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ (10:27–29). ಮೂರೂ ಕಡೆ ಮಾಂಸ ಅದೇ. ಬದಲಾಗಿರುವುದು ಆ ಊಟ ಅಲ್ಲಿ ಏನನ್ನು ಹೇಳುತ್ತದೆ ಅನ್ನುವುದು.

ಇದನ್ನು ಕಾರ್ಖಾನೆಗೆ ತನ್ನಿ. ಬೇಕರಿಯಿಂದ ನೂರಾರು ಸ್ವೀಟ್ ಬಾಕ್ಸ್ ತರಿಸಿ ಬೋನಸ್ ಕವರಿನ ಜೊತೆ ಎಲ್ಲರಿಗೂ ಕೊಡುತ್ತಾರೆ. ಅದರಲ್ಲಿ ಬಹುಪಾಲು ಪೂಜೆಯ ಮುಂದೆ ಇಟ್ಟದ್ದೂ ಅಲ್ಲ. ಅದು ಮಾರುಕಟ್ಟೆಯ ಮಾಂಸ, ಥ್ಯಾಂಕ್ಸ್ ಹೇಳಿ ಮನೆಗೆ ಒಯ್ಯಿರಿ. ಮೂಟೆ ಬಿಚ್ಚಿ ಪೇಪರ್ ಪೊಟ್ಟಣಕ್ಕೆ ಸುರಿದು ಕೊಡುವ ಕಡ್ಲೆಪುರಿಯೂ ಹೆಚ್ಚುಕಡಿಮೆ ಹಾಗೇ. ದೇವರ ಪಟದ ಮುಂದಿಂದ ತಟ್ಟೆ ಎತ್ತಿ, ಮಂಗಳಾರತಿ ಜೊತೆಗೇ ತಂದು “ಪ್ರಸಾದ” ಅಂತ ಹೇಳಿ ಕೊಟ್ಟರೆ ಅದು 10:28ರ ಸಂದರ್ಭ, ಬಿಡಿ. ಇನ್ನು ತಾನೇ ಕುಂಕುಮ ಇಟ್ಟು, ಕಾಯಿ ಒಡೆದು, ಆರತಿ ಎತ್ತುವುದು? ಅದು ತಿನ್ನುವ ಮಾತೇ ಅಲ್ಲ. ಅದು ಪೂಜೆ, 10:21ರ ಮೇಜು. “ನನ್ನ ಮನಸ್ಸಿನಲ್ಲಿ ಏನೂ ಇಲ್ಲ, ಕೈ ಮಾತ್ರ ಆಡಿಸಿದೆ” ಅನ್ನುವವರು ಇರುತ್ತಾರೆ. ಕೊರಿಂಥದ ಜಾಣರು ಹೇಳಿದ್ದೂ ಇದನ್ನೇ, ಪೌಲ ಒಪ್ಪಲಿಲ್ಲ.

ಮೆಷಿನ್ ಒರೆಸುವುದು, ಆಯಿಲ್ ಹಾಕುವುದು, ಶೆಡ್ ಗುಡಿಸುವುದು, ಕುರ್ಚಿ ಹಾಕುವುದು, ಊಟ ಬಡಿಸುವುದು ಇವೆಲ್ಲ ಕೆಲಸ. ಇವನ್ನು ಪೂಜೆಯ ಲೆಕ್ಕಕ್ಕೆ ಸೇರಿಸಿ ತಪ್ಪಿಸಿಕೊಳ್ಳುವುದು ಸೋಮಾರಿತನ.

ಅಧ್ಯಯನದಲ್ಲಿ ಜಾರುವ ಜಾಗಗಳು ಎರಡು. ‘ಬಲಹೀನ ಸಹೋದರ’ ಅನ್ನುವ ಮಾತನ್ನು ಸಭೆಯ ಅತಿ ಕಟ್ಟುನಿಟ್ಟಿನ ಹಿರಿಯರು ವೀಟೋ ಥರ ಬಳಸುತ್ತಾರೆ: “ನೀನು ತಿಂದರೆ ನನಗೆ ನೋವಾಗುತ್ತೆ, ಅದಕ್ಕೆ ನಿಲ್ಲಿಸು.” 8:10ರಲ್ಲಿ ಬಲಹೀನ ಯಾರು ಅಂತ ಬಿಡಿಸಿ ತೋರಿಸಿ. ನಿನ್ನನ್ನು ನೋಡಿ ಧೈರ್ಯ ತಂದುಕೊಂಡು, ತಾನು ತಪ್ಪು ಅಂತ ನಂಬಿರುವುದನ್ನೇ ಮಾಡಿಬಿಡುವವನು ಬಲಹೀನ. ಮೂವತ್ತು ವರ್ಷದಿಂದ ಸಭೆಯಲ್ಲಿದ್ದು, ನೀನು ಏನು ತಿಂದರೂ ತಾನು ಅಲುಗದೆ ಬರೀ ಮುಖ ಸಿಂಡರಿಸುವವನು ಬಲಹೀನನಲ್ಲ. ಅವನಿಗೆ ರೋಮಾಪುರದವರ ಪತ್ರದ 14:3ರ ಎರಡನೇ ಅರ್ಧ ಓದಿಸಬೇಕು: ತಿನ್ನದವನು ತಿನ್ನುವವನ ಮೇಲೆ ತೀರ್ಪು ಮಾಡಬಾರದು. ಮೊದಲ ಅರ್ಧ ಇನ್ನೊಂದು ಪಕ್ಷಕ್ಕೆ: ತಿನ್ನುವವನು ತಿನ್ನದವನನ್ನು ಹೀನೈಸಬಾರದು. ಅಧ್ಯಯನದ ದಿನ ಯಾರು ಯಾವ ಅರ್ಧ ಓದಬೇಕು ಅಂತ ಮೊದಲೇ ಹಂಚಿಬಿಡಿ.

ಎರಡನೆಯದು, ಸಂಶಯ ಇಟ್ಟುಕೊಂಡೇ ತಿನ್ನುವುದು. ರೋಮಾಪುರದವರ ಪತ್ರದ 14:23ರ ಪ್ರಕಾರ ವಸ್ತು ಶುದ್ಧವಾಗಿದ್ದರೂ ಸಂಶಯಪಟ್ಟು ತಿಂದವನು ತಪ್ಪುಗಾರ. ಆದ್ದರಿಂದ ಒಪ್ಪಿಗೆಯಾಗದ ಹುಡುಗನ ಕೈಗೆ ಸ್ವೀಟ್ ತುರುಕಿ “ಸ್ವಾತಂತ್ರ್ಯ ಕಲಿ” ಅನ್ನಬೇಡಿ.

ವೈನ್, ಭಾನುವಾರದ ಶಿಫ್ಟ್ ಪ್ರಶ್ನೆಗಳೂ ಬಂದೇ ಬರುತ್ತವೆ. ಅವಕ್ಕೆ 14:5 ಮತ್ತು 14:21 ಸಾಕು, ಅದರ ಮೇಲೆ ಒಂದು ಸಂಜೆ ಕಳೆಯಬೇಡಿ.

ಉತ್ತರ: ಕರಾವಳಿ_ಕಥೋಲಿಕ

ಮೇಲಿನವರು ಜಾಗ ನೋಡಿ ಗೆರೆ ಎಳೆದಿದ್ದಾರೆ. ನಮ್ಮ ಕಡೆ ಅದನ್ನೇ ಬೇರೆ ಕ್ರಮದಲ್ಲಿ ಕಲಿಸುತ್ತಾರೆ: ಮಾಡುವ ಕೃತ್ಯ ಯಾವುದು, ಉದ್ದೇಶ ಏನು, ಸಂದರ್ಭ ಯಾವುದು. ಕಥೋಲಿಕ ಧರ್ಮೋಪದೇಶ ಗ್ರಂಥದ 1750ನೇ ಪರಿಚ್ಛೇದದಿಂದ ನೋಡಿ. ಕೃತ್ಯವೇ ಕೆಟ್ಟದ್ದಾಗಿದ್ದರೆ ಒಳ್ಳೆಯ ಉದ್ದೇಶ ಅದನ್ನು ಸರಿ ಮಾಡುವುದಿಲ್ಲ. ಕೃತ್ಯ ತಟಸ್ಥವಾಗಿದ್ದರೆ ಉದ್ದೇಶ, ಸಂದರ್ಭಗಳು ನಿರ್ಧರಿಸುತ್ತವೆ. ತೆಂಗಿನಕಾಯಿ ಒಡೆಯುವುದು ತಾನಾಗಿ ಪೂಜೆಯಲ್ಲ. ಮಂಗಳೂರು ಕಥೋಲಿಕರ ಮದುವೆಯ ಹಿಂದಿನ ದಿನದ ರೋಸ್‌ಗೆ (ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಕಾಯಿ ಒಡೆದು ಹಾಲು ಹಿಂಡದೆ ಆಗುವುದೇ ಇಲ್ಲ. ಅದೇ ಕಾಯಿಯನ್ನು ಪಟದ ಮುಂದೆ ಆರತಿಯ ಹೊತ್ತಿಗೆ ಒಡೆದರೆ ಕೃತ್ಯವೇ ಬೇರೆ.

ಇದು ಹೊಸ ಜಗಳವೂ ಅಲ್ಲ. 1606ರಲ್ಲಿ ಮದುರೆಗೆ ಬಂದ ಯೇಸುಸಭೆಯ (ಜೆಸ್ವಿಟ್) ಪಾದ್ರಿ ರಾಬರ್ಟ್ ದೆ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಮತಾಂತರವಾದವರಿಗೆ ಜನಿವಾರ, ಶಿಖೆ, ಗಂಧ, ಸ್ನಾನದ ಪದ್ಧತಿ ಉಳಿಸಿಕೊಳ್ಳಲು ಬಿಟ್ಟರು. ಇವು ಕುಲದ, ಸ್ಥಾನಮಾನದ ಗುರುತು, ಆರಾಧನೆಯಲ್ಲ ಅನ್ನುವುದು ಅವರ ವಾದ. ಅವರ ಸಂಗಡಿಗರಲ್ಲೇ ಕೆಲವರು ರೋಮಿಗೆ ದೂರು ಕೊಟ್ಟರು. 1623ರಲ್ಲಿ 15ನೇ ಗ್ರೆಗೊರಿ ಜಗದ್ಗುರುಗಳು (ಪೋಪ್) ಮೂಢನಂಬಿಕೆಯ ಅಂಶ ತೆಗೆದರೆ ಇಟ್ಟುಕೊಳ್ಳಬಹುದು ಅಂದರು. ಪಾಂಡಿಚೇರಿಗೆ ಬಂದ ಪೋಪರ ರಾಯಭಾರಿ ತೂರ್ನೋನ್ 1704ರಲ್ಲಿ ಹಲವು ಪದ್ಧತಿಗಳನ್ನು ನಿಷೇಧಿಸಿದರು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟರ ಆಜ್ಞೆ ಬಂದು ನಿಷೇಧ ಗಟ್ಟಿಯಾಯಿತು. ಮಿಷನರಿಗಳು ಈ ಬಗ್ಗೆ ಮಾಡಬೇಕಿದ್ದ ಪ್ರಮಾಣವನ್ನು ತೆಗೆದುಹಾಕಿದ್ದು 1940ರಲ್ಲಿ. ಮೂರು ಶತಮಾನಕ್ಕೂ ಹೆಚ್ಚು ಕಾಲ ಪಂಡಿತರೇ ಜಗ್ಗಾಡಿದ ವಿಷಯಕ್ಕೆ ನಿಮ್ಮ ಯುವಕರು ಎರಡು ವಾರದಲ್ಲಿ ಒಮ್ಮತಕ್ಕೆ ಬರದಿದ್ದರೆ ಬೇಸರ ಪಡಬೇಡಿ.

ಆ ಚರಿತ್ರೆಯ ಒಂದು ಕಪ್ಪು ಮುಖವನ್ನೂ ಮುಚ್ಚಿಡಬೇಡಿ. ಗಂಧ, ಶಿಖೆಗಳ ಬಗ್ಗೆ ಇಷ್ಟು ವಾದ ಮಾಡಿದವರು ಕೆಳಜಾತಿಯವರಿಗೆ ಬೇರೆ ಪಾದ್ರಿ, ಬೇರೆ ಜಾಗ ಅನ್ನುವ ಏರ್ಪಾಟನ್ನೂ ‘ಲೋಕರೂಢಿ’ ಅಂತ ಸಹಿಸಿದರು. ತಟಸ್ಥ ವಿಷಯ ಅಂತ ಹಣೆಪಟ್ಟಿ ಹಚ್ಚುವ ಮುಂಚೆ ಅದರಿಂದ ನೋಯುವವರು ಯಾರು ಅಂತ ಕೇಳದಿದ್ದರೆ ಹೀಗಾಗುತ್ತದೆ.

ಚಂದಾ ವಿಷಯಕ್ಕೆ ನಮ್ಮಲ್ಲಿ ‘ಸಹಕಾರ’ದ ಲೆಕ್ಕ ಇದೆ. ಇನ್ನೊಬ್ಬನ ಕೃತ್ಯದ ಉದ್ದೇಶವನ್ನೇ ನೀನೂ ಬಯಸಿ ಕೈಜೋಡಿಸುವುದು ಒಂದು. ಉದ್ದೇಶ ಒಪ್ಪದೆ, ನಿನ್ನ ಕೆಲಸ ಅಥವಾ ದುಡ್ಡು ದೂರದಿಂದ ಅದಕ್ಕೆ ತಗಲುವುದು ಇನ್ನೊಂದು. ಮೊದಲನೆಯದಕ್ಕೆ ಎಂದೂ ಅವಕಾಶ ಇಲ್ಲ. ಎರಡನೆಯದಕ್ಕೆ ಸಾಕಷ್ಟು ಕಾರಣ ಇರಬೇಕು, ಎಷ್ಟು ದೂರದ್ದು ಅಂತ ನೋಡಬೇಕು, ನೋಡುವವರು ತಪ್ಪು ತಿಳಿಯುತ್ತಾರಾ ಅಂತಲೂ ನೋಡಬೇಕು. ಎಲ್ಲರ ಸಂಬಳದಿಂದ ವರ್ಷವಿಡೀ ಹಿಡಿಯುವ ಮನರಂಜನಾ ನಿಧಿಯಿಂದ ಹೂವು ತಂದರೆ ನಿಮ್ಮ ಪಾಲು ತೀರ ದೂರದ್ದು. ರಸೀದಿ ಪುಸ್ತಕ ಹಿಡಿದು ‘ಪೂಜಾ ಸೇವೆ’ ಅಂತ ಹೆಸರು ಬರೆಸಿ ಕೊಡುವ ದುಡ್ಡು ಹತ್ತಿರದ್ದು. ಮಧ್ಯದ ದಾರಿ ಇದೆ: ಊಟದ ಖರ್ಚಿಗೆ ಅಂತ ಹೇಳಿಯೇ ಕೊಡಿ, ಚಂದಾಕ್ಕಿಂತ ಐವತ್ತು ರೂಪಾಯಿ ಹೆಚ್ಚೇ ಕೊಡಿ. ಜಿಪುಣತನವನ್ನು ನಂಬಿಕೆ ಅಂತ ಯಾರೂ ತಿಳಿಯದಂತಾಗುತ್ತದೆ.

ಅಂತಃಸಾಕ್ಷಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಅದು ಖಚಿತವಾಗಿ ಹೇಳಿದ್ದನ್ನು ಮೀರಬಾರದು (1790), ಸರಿ. ಆದರೆ ತಿಳಿದುಕೊಳ್ಳುವ ಗೋಜಿಗೇ ಹೋಗದೆ ತಪ್ಪು ತೀರ್ಮಾನಕ್ಕೆ ಬಂದರೆ ಆ ತಪ್ಪಿನ ಹೊಣೆ ಅವನದೇ (1791). “ನನ್ನ ಅಂತಃಸಾಕ್ಷಿ ಒಪ್ಪಿತು” ಅನ್ನುವುದು ಚರ್ಚೆ ಮುಗಿಸುವ ಮಾತಲ್ಲ.

ಉತ್ತರ: ಕಾನೂನು_ಕಟ್ಟೆ

ಧರ್ಮಶಾಸ್ತ್ರ ನನ್ನ ಕ್ಷೇತ್ರವಲ್ಲ, ಕಾನೂನಿನ ಕಡೆಯಿಂದ ಒಂದಿಷ್ಟು.

ಸಂವಿಧಾನದ 25(1)ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮ ಆಚರಿಸುವ ಹಕ್ಕನ್ನೂ ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಎಲ್ಲರೂ ಎತ್ತಿ ಹೇಳುವುದು 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು. ತೀರ್ಪಿನಲ್ಲಿ ತೂಗಿದ್ದು ಅವರು ಗೌರವದಿಂದ ಎದ್ದು ನಿಂತದ್ದು. ಕೂತೇ ಇದ್ದಿದ್ದರೆ ವಾದ ಇಷ್ಟು ಸಲೀಸಾಗುತ್ತಿರಲಿಲ್ಲ.

ಇದಕ್ಕೆ ಎದುರಾಗಿ 2025ರಲ್ಲಿ ಇನ್ನೊಂದು ಬಂತು. ರೆಜಿಮೆಂಟಿನ ಧಾರ್ಮಿಕ ಕವಾಯತಿಗೆ ಬಂದರೂ ಗರ್ಭಗುಡಿಯ ಒಳಗೆ ಹೋಗಲು ಒಪ್ಪದ ಕ್ರೈಸ್ತ ಸೇನಾಧಿಕಾರಿಯ ವಜಾವನ್ನು ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ಸೇನೆಯ ಶಿಸ್ತು, ಮೇಲಧಿಕಾರಿಯ ಆದೇಶ ಅಲ್ಲಿ ಮೇಲಾಯಿತು. ಸಮವಸ್ತ್ರದ ಸೇವೆಗೆ ಸೇರಲು ಹೊರಟ ಹುಡುಗರಿಗೆ ಎರಡನ್ನೂ ಓದಿಸಿ, ಒಂದನ್ನೇ ಅಲ್ಲ.

ಖಾಸಗಿ ಕಾರ್ಖಾನೆಗೆ ಬಂದರೆ, ಮೂಲಭೂತ ಹಕ್ಕುಗಳನ್ನು ಜಾರಿ ಮಾಡಿಸುವುದು ಮುಖ್ಯವಾಗಿ ಸರ್ಕಾರ ಮತ್ತು ಅದರ ಸಂಸ್ಥೆಗಳ ವಿರುದ್ಧ. ಮಾಲೀಕರ ಮುಂದೆ 25ನೇ ವಿಧಿ ಓದಿದರೆ ತಲೆಬಿಸಿ ಹೆಚ್ಚುತ್ತದೆ ಅಷ್ಟೆ. ಅಲ್ಲಿ ಕೆಲಸಕ್ಕೆ ಬರುವುದು ಎಚ್‌ಆರ್ ನೀತಿ, ಸ್ಥಾಯಿ ಆದೇಶಗಳು (ಕಾರ್ಖಾನೆಯ ಸೇವಾ ನಿಯಮಗಳು) ಮತ್ತು ಮಾತುಕತೆ. ಮಾತುಕತೆ ಹಬ್ಬಕ್ಕೆ ಒಂದೆರಡು ವಾರ ಮುಂಚೆ, ಸೂಪರ್‌ವೈಸರ್ ಜೊತೆ, ಇಬ್ಬರೇ ಇದ್ದಾಗ ಆಗಬೇಕು. ಆರತಿ ತಟ್ಟೆ ಕೈಗೆ ಬಂದ ಮೇಲೆ ನೂರು ಜನರ ಎದುರು “ಆಗಲ್ಲ” ಅಂದರೆ ಅದು ಅವಮಾನ ಮಾಡಿದ ಹಾಗೇ ಕಾಣುತ್ತದೆ, ಒಳಗೆ ಏನೇ ಇರಲಿ.

ಇನ್ನೊಂದು, ಇದು ನಿಮ್ಮವರಿಗೂ ಅನ್ವಯಿಸುತ್ತದೆ. 28(3)ನೇ ವಿಧಿ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಮಿಷನ್ ಶಾಲೆಯ ಬೆಳಗಿನ ಚಾಪೆಲ್‌ಗೂ ಇದೇ ಕಾನೂನು. ತನಗೆ ಬೇಕಾದ ಸ್ವಾತಂತ್ರ್ಯವನ್ನು ಪಕ್ಕದ ಬೆಂಚಿನ ಹಿಂದೂ ಹುಡುಗನಿಗೂ ಕೊಡುತ್ತೀರಾ ಅಂತ ನಿಮ್ಮ ಯುವಕರನ್ನು ಕೇಳಿ ನೋಡಿ.

ಉತ್ತರ: ಮೊದಲ_ತಲೆಮಾರು

ಪತ್ರಿಕೆ_ಪಾಠಿಯವರ ‘ಮಾರುಕಟ್ಟೆ ಮಾಂಸ’ದ ಹೋಲಿಕೆಯನ್ನು ಪೂರ್ತಿ ಒಪ್ಪಲಾರೆ. ಬೈಬಲಿನ ‘ಪ್ರಕಟನೆ’ ಪುಸ್ತಕದ 2:14 ಮತ್ತು 2:20ರಲ್ಲಿ ಪೆರ್ಗಮ, ಥುವತೈರ ಸಭೆಗಳಿಗೆ ಬರುವ ಗದರಿಕೆ ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವ ಬಗ್ಗೆಯೇ. ಅಪೊಸ್ತಲರ ಕೃತ್ಯಗಳು 15:29ರ ನಿರ್ಣಯವೂ ಹಾಗೇ ಇದೆ. ಆದಿ ಸಭೆಯ ಬೋಧನಾ ಕೈಪಿಡಿ ದಿದಖೆ ಕೂಡ ಉಳಿದ ಆಹಾರದಲ್ಲಿ ಕೈಲಾದಷ್ಟು ಪಾಲಿಸು, ಇದರಿಂದ ಮಾತ್ರ ಕಟ್ಟುನಿಟ್ಟಾಗಿ ದೂರ ಇರು ಅನ್ನುತ್ತದೆ. ಹುಟ್ಟಿನಿಂದ ಕ್ರೈಸ್ತರಾದವರಿಗೆ ಪ್ರಸಾದ ಒಂದು ತಿಂಡಿ. ಹೋದ ವರ್ಷದವರೆಗೆ ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದವನಿಗೆ ಅದು ತಿಂಡಿಯಲ್ಲ. ಕೊರಿಂಥದ ಪತ್ರದ 8:7ರಲ್ಲಿ ಪೌಲ ಹೇಳುವುದು ಇವನನ್ನೇ. ನಿಮ್ಮ ಕೂಟದಲ್ಲಿ ಅಂಥವರು ಎಷ್ಟು ಜನ ಇದ್ದಾರೆ ಅಂತ ಮೊದಲು ನೋಡಿ, ಆಮೇಲೆ ಸ್ವೀಟ್ ಬಾಕ್ಸಿನ ತೀರ್ಪು ಕೊಡಿ.

ಆದರೆ ನಿರಾಕರಿಸುವ ರೀತಿಯ ಬಗ್ಗೆ ಕಟ್ಟುನಿಟ್ಟಿನವರಿಗೆ ನನ್ನದೊಂದು ತಕರಾರಿದೆ. ಈ ನೆಲದಲ್ಲಿ ಒಬ್ಬರ ಕೈಯಿಂದ ತಿನ್ನಲ್ಲ ಅಂದರೆ ಅದಕ್ಕೆ ಜಾತಿಯ ಅರ್ಥ ಅಂಟಿಕೊಂಡಿದೆ. ಕೊಡುವ ಹೆಲ್ಪರ್ ದಲಿತನಾಗಿದ್ದರೆ ನಿಮ್ಮ ‘ಬೇಡ’ ಅವನಿಗೆ ಕೇಳಿಸುವುದೇ ಬೇರೆ ಥರ. ಪ್ರಸಾದ ಬಿಟ್ಟವನು ಅದೇ ದಿನ ಅವನ ಜೊತೆ ಒಂದೇ ಟೇಬಲ್ಲಲ್ಲಿ ಊಟ ಮಾಡಲಿ, ಅವನ ಡಬ್ಬಿಯಿಂದಲೇ ಪಲ್ಯ ಹಾಕಿಸಿಕೊಂಡು.

ಪ್ರಶ್ನೆ ಕೇಳಿದವರು: ಯುವಕೂಟ_ಸಂಚಾಲಕ

ಎಲ್ಲರಿಗೂ ವಂದನೆ. ಎರಡು ಉಳಿದಿವೆ. ಸುಮ್ಮನೆ ನಿಲ್ಲುವ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ. ಇನ್ನೊಂದು, ಒಬ್ಬ ಹುಡುಗನ ಮಾಲೀಕರು “ಹಣೆಗೆ ಕುಂಕುಮ ಇಟ್ಟುಕೊಂಡರೆ ಮಾತ್ರ ನೀನು ನಮ್ಮವನು” ಅಂದಿದ್ದಾರಂತೆ. ಬರೀ ಬಣ್ಣ ತಾನೇ ಅಂತ ಇಟ್ಟುಕೊಳ್ಳಬಹುದಾ?

ಉತ್ತರ: ಪತ್ರಿಕೆ_ಪಾಠಿ

ಮೊದಲ_ತಲೆಮಾರು ಅವರ ತಿದ್ದುಪಡಿ ಸರಿ. ಕೂಟದಲ್ಲಿ ಹೊಸಬರಿದ್ದರೆ ಅವರ ಜೊತೆ ಇರುವ ಹಳಬರೂ ಬಾಕ್ಸ್ ಬಿಡಲಿ, ಅಥವಾ ಮನೆಗೆ ಒಯ್ಯಲಿ.

ನಿಲ್ಲುವುದಕ್ಕೆ 2 ಅರಸುಗಳು 5:18–19 ಓದಿಸಿ. ಸಿರಿಯಾದ ಸೇನಾಪತಿ ನಾಮಾನನಿಗೆ ಇಸ್ರಾಯೇಲಿನ ದೇವರಲ್ಲಿ ನಂಬಿಕೆ ಬಂದಿದೆ. ಆದರೆ ಅರಸನು ತನ್ನ ದೇವರಾದ ರಿಮ್ಮೋನನ ಗುಡಿಗೆ ಹೋಗುವಾಗ ಇವನ ಕೈಗೆ ಒರಗುತ್ತಾನೆ, ಇವನೂ ಬಾಗಬೇಕಾಗುತ್ತದೆ. ಅದನ್ನು ಮೊದಲೇ ಬಾಯಿಬಿಟ್ಟು ಹೇಳಿಕೊಂಡ. ಪ್ರವಾದಿ ಎಲೀಷ “ಸಮಾಧಾನದಿಂದ ಹೋಗು” ಅಂದ, ಗದರಲಿಲ್ಲ. ಡ್ಯೂಟಿಯ ಭಾಗವಾಗಿ ಶೆಡ್ಡಿನಲ್ಲಿ ನಿಲ್ಲುವುದು ಇದಕ್ಕೆ ಹತ್ತಿರ. ಹಿಂದಿನ ಸಾಲಲ್ಲಿ, ಕೈ ಮುಗಿಯದೆ, ಮೊಬೈಲ್ ನೋಡದೆ, ಮರ್ಯಾದೆಯಿಂದ ನಿಲ್ಲಲಿ. ಕಣ್ಣು ಮುಚ್ಚಿ ತನ್ನದೇ ಪ್ರಾರ್ಥನೆ ಮಾಡುವುದು ಬೇಡ, ನೋಡುವವರಿಗೆ ಅದು ಪೂಜೆಯಲ್ಲಿ ಸೇರಿದಂತೆಯೇ ಕಾಣುತ್ತದೆ.

ಕುಂಕುಮದ ಪ್ರಶ್ನೆಗೆ ಪೌಲನ ಜೊತೆಗಾರರಾದ ತಿಮೊಥೆ ಮತ್ತು ತೀತನನ್ನು ಅಕ್ಕಪಕ್ಕ ಇಡಿ. ತಿಮೊಥೆಗೆ ಪೌಲನೇ ಸುನ್ನತಿ ಮಾಡಿಸಿದ, ಆ ಕಡೆಯ ಯೆಹೂದ್ಯರ ಮಧ್ಯೆ ಕೆಲಸ ಸಲೀಸಾಗಲಿ ಅಂತ (ಅ.ಕೃ. 16:3). ತೀತನಿಗೆ ಮಾಡಿಸಲು ಒಪ್ಪಲಿಲ್ಲ (ಗಲಾತ್ಯ 2:3–5), ಯಾಕೆಂದರೆ ಅಲ್ಲಿ ಅದನ್ನು ಷರತ್ತಾಗಿ ಕೇಳಿದರು. ಶಸ್ತ್ರಕ್ರಿಯೆ ಅದೇ, ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಜರ್ಮನಿಯಲ್ಲೂ ಇದೇ ನಡೆಯಿತು. 1548ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಪ್ರೊಟೆಸ್ಟೆಂಟರ ಮೇಲೆ ಹಳೆಯ ಆಚರಣೆಗಳನ್ನು ಮತ್ತೆ ಹೇರಿದಾಗ ಲೂಥರನ ಸಂಗಡಿಗ ಮೆಲಾಂಕ್ತನ್ ಮತ್ತು ಜೊತೆಗಾರರು ಪಾದ್ರಿಗಳ ನಿಲುವಂಗಿಯಂಥವು ತಟಸ್ಥ ಅಂತ ರಾಜಿಗೆ ಹೋದರು. ಇನ್ನೊಬ್ಬ ಲೂಥರನ್ ಪಂಡಿತ ಫ್ಲಾಸಿಯಸ್ ಒಪ್ಪಲಿಲ್ಲ. ಬಲವಂತದಿಂದ, ನಂಬಿಕೆ ಬಿಟ್ಟ ಗುರುತಾಗಿ ಕೇಳಿದ ಕೂಡಲೇ ತಟಸ್ಥ ವಿಷಯ ತಟಸ್ಥವಾಗಿ ಉಳಿಯುವುದಿಲ್ಲ ಅನ್ನುವುದು ಅವನ ವಾದ. 1577ರ ಲೂಥರನ್ ಒಪ್ಪಂದದ ಹತ್ತನೇ ಲೇಖನ ಅದನ್ನೇ ಎತ್ತಿಹಿಡಿಯಿತು.

ಹಾಗಾಗಿ ಮನೆಗೆ ಹೋದಾಗ ಅಜ್ಜಿಯೊಬ್ಬರು ಪ್ರೀತಿಯಿಂದ ಹಣೆಗೆ ಬೊಟ್ಟಿಟ್ಟರೆ ಒರೆಸಿಕೊಂಡು ರಂಪ ಮಾಡಬೇಕಿಲ್ಲ. “ಇಟ್ಟುಕೊಂಡರೆ ಮಾತ್ರ ನಮ್ಮವನು” ಅಂತ ಷರತ್ತು ಹಾಕಿದ ದಿನ ಆ ಹುಡುಗ ಇಟ್ಟುಕೊಳ್ಳಬಾರದು. ಹೇಳುವ ಮಾತು ಚಿಕ್ಕದಿರಲಿ: “ಸರ್, ಮೆಷಿನ್ ಕ್ಲೀನ್ ಮಾಡ್ತೀನಿ, ಊಟಕ್ಕೆ ಬಡಿಸ್ತೀನಿ, ಪೂಜೆ ಮುಗಿಯೋವರೆಗೂ ಇಲ್ಲೇ ನಿಂತಿರ್ತೀನಿ. ಕುಂಕುಮ ಮಾತ್ರ ಬೇಡ ಸರ್.” ವಿಗ್ರಹದ ಬಗ್ಗೆ ಉಪದೇಶ ಕೂಡದು. ಬೇರೆಯವರ ಹಬ್ಬ ಅದು.

ಕೆಲಸ ಹೋಗುವ ಸಂಭವ ಇದ್ದರೆ ಅದನ್ನೂ ಅಧ್ಯಯನದಲ್ಲೇ ಲೆಕ್ಕಕ್ಕೆ ತಗೊಳ್ಳಿ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ನಂಬಿದವರು ಕುಲಕಸುಬು, ಗೇಣಿ ಭೂಮಿ ಕಳೆದುಕೊಂಡಾಗ ನೇಯ್ಗೆ ಶಾಲೆ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಗಟ್ಟಿಯಾಗಿ ನಿಲ್ಲು ಅಂತ ಹುಡುಗನಿಗೆ ಹೇಳುವ ಸಭೆ ಅವನ ಎರಡು ಮೂರು ತಿಂಗಳ ಮನೆ ಬಾಡಿಗೆಗೆ ನಿಧಿ ತೆಗೆದಿಡುತ್ತದಾ ಅಂತ ನಿಮ್ಮ ಹಿರಿಯರ ಸಮಿತಿಯನ್ನು ದಸರಾಕ್ಕೆ ಮುಂಚೆಯೇ ಕೇಳಿ.